ಕೈಯಲ್ಲಿ ಹಿಡಿದ ಕಥೆ: ವಿಡಿಯೋ ಗೇಮ್ ಸಿನಿಮಾದಂತೆ ಮನಸ್ಸು ಕಲಕಬಲ್ಲದೇ?

ಅಮೆರಿಕದ ನಾಟಿ ಡಾಗ್ ಸಂಸ್ಥೆ 2013ರ ಜೂನ್‌ನಲ್ಲಿ ‘ದಿ ಲಾಸ್ಟ್ ಆಫ್ ಅಸ್’ ಎಂಬ ವಿಡಿಯೋ ಗೇಮ್ ಹೊರತಂದಿತು. ಸುಮಾರು ಹತ್ತು ವರ್ಷಗಳ ಬಳಿಕ, 2023ರ ಜನವರಿಯಲ್ಲಿ, ಅದೇ ಕಥೆ ಎಚ್‌ಬಿಒ ವಾಹಿನಿಯ ಧಾರಾವಾಹಿಯಾಗಿ ಪ್ರಸಾರವಾಯಿತು. ಗೇಮ್‌ನ ಕಥೆ ಬರೆದ ನೀಲ್ ಡ್ರಕ್‌ಮನ್ ಅವರೇ ಕ್ರೇಗ್ ಮೇಜಿನ್ ಅವರೊಡನೆ ಸೇರಿ ಧಾರಾವಾಹಿಯನ್ನೂ ರೂಪಿಸಿದ್ದರಿಂದ ಅಪರೂಪದ ಹೋಲಿಕೆಯೊಂದು ಸಾಧ್ಯವಾಯಿತು: ಕಥೆ ಒಂದೇ, ಕಥೆಗಾರರೂ ಅವರೇ, ಮಾಧ್ಯಮ ಮಾತ್ರ ಬೇರೆ. ವಿಡಿಯೋ ಗೇಮ್‌ಗಳು ಸಿನಿಮಾದಂತೆ ಮನಸ್ಸನ್ನು ತಟ್ಟುವ ಕಥೆ ಹೇಳಬಲ್ಲವೇ ಎಂಬ ಪ್ರಶ್ನೆಗೆ, ಗೇಮ್ ಆಡುವವರ ಭಕ್ತಿಯನ್ನೂ ಆಡದವರ ತಾತ್ಸಾರವನ್ನೂ ಬದಿಗಿಟ್ಟು ಉತ್ತರ ಹುಡುಕುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗುವುದು ಕಷ್ಟ. ಮುಂದಿನ ಮಾತುಗಳಲ್ಲಿ ಕೆಲವು ಗೇಮ್‌ಗಳ ಕಥೆಯ ಕೊನೆಯನ್ನು ಬಿಟ್ಟುಕೊಡದೆ ವಿಧಿಯಿಲ್ಲ, ಆಡಬೇಕೆಂದಿರುವವರು ಕ್ಷಮಿಸಬೇಕು.

ಒಂದು ಬಗೆಯ ಶಿಲೀಂಧ್ರದ ಸೋಂಕು ಹಬ್ಬಿ ಅಮೆರಿಕದ ಊರುಗಳು ಕುಸಿದುಬೀಳುವ ರಾತ್ರಿಯಲ್ಲಿ ಈ ಕಥೆ ಆರಂಭವಾಗುತ್ತದೆ. ಜೋಯಲ್ ತನ್ನ ಮಗಳು ಸಾರಾಳೊಂದಿಗೆ ಮನೆ ಬಿಟ್ಟು ಓಡುತ್ತಾನೆ; ಸೈನಿಕನೊಬ್ಬನ ಗುಂಡಿಗೆ ಮಗಳು ಅವನ ಕಣ್ಣೆದುರೇ ಸಾಯುತ್ತಾಳೆ. ಗೇಮ್‌ನಲ್ಲಿ ಆಟಗಾರನ ಕೈಗೆ ಮೊದಲು ಸಿಗುವ ಪಾತ್ರ ಜೋಯಲ್ ಅಲ್ಲ, ಸಾರಾ. ನಡುರಾತ್ರಿ ಎಚ್ಚರಗೊಂಡ ಆ ಹುಡುಗಿಯನ್ನು ಕತ್ತಲೆ ತುಂಬಿದ ಮನೆಯಲ್ಲಿ ಕೋಣೆಯಿಂದ ಕೋಣೆಗೆ ನಡೆಸುತ್ತ ಅಪ್ಪನನ್ನು ಹುಡುಕಬೇಕು. ಓಡಿಸೋಣವೆಂದರೆ ಓಡುವುದಿಲ್ಲ, ಹೋರಾಡಲು ಕೈಯಲ್ಲಿ ಏನೂ ಇಲ್ಲ. ಟಿವಿಯಲ್ಲಿ ಸುದ್ದಿ ಬಿತ್ತರವಾಗುತ್ತಿರುವಾಗಲೇ ಕಿಟಕಿಯಾಚೆ ಸ್ಫೋಟವೊಂದು ಕಾಣುತ್ತದೆ. ಸ್ವಲ್ಪ ಹೊತ್ತಿನಲ್ಲೇ ಕಾಲು ಪೆಟ್ಟಾದ ಮಗಳನ್ನು ಎತ್ತಿಕೊಂಡ ಜೋಯಲ್ ಆಟಗಾರನ ಕೈಗೆ ಬರುತ್ತಾನೆ, ಆಗಲೂ ಓಡುವುದೊಂದೇ ಸಾಧ್ಯ. ಧಾರಾವಾಹಿಯಲ್ಲಿ ಇದೇ ಸಾವಿಗೆ ಪ್ರೇಕ್ಷಕನನ್ನು ಸಿದ್ಧಗೊಳಿಸಲು ಸಾರಾಳ ಇಡೀ ದಿನವನ್ನು ತೋರಿಸಬೇಕಾಯಿತು: ಬೆಳಗಿನ ತಿಂಡಿ, ಶಾಲೆ, ಅಪ್ಪನ ಹುಟ್ಟುಹಬ್ಬಕ್ಕೆ ಕೈಗಡಿಯಾರ ರಿಪೇರಿ ಮಾಡಿಸುವುದು, ಪಕ್ಕದ ಮನೆಯ ವೃದ್ಧ ದಂಪತಿ. ಅವಳು ನಮಗೆ ಬೇಕಾದವಳಾಗಲು ಧಾರಾವಾಹಿಗೆ ಅಷ್ಟು ಪರಿಚಯ ಬೇಕಾಯಿತು. ಅವಳ ಹೆಜ್ಜೆಗಳು ತನ್ನ ಹೆಬ್ಬೆರಳಿನಿಂದಲೇ ಸಾಗಿದವೆಂಬ ಕಾರಣಕ್ಕೆ ಆಟಗಾರನಿಗೆ ಆ ಪರಿಚಯವೇ ಬೇಕಾಗಲಿಲ್ಲ.

ಕಥೆಯ ಇನ್ನೊಂದು ತುದಿಯಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ಇಪ್ಪತ್ತು ವರ್ಷಗಳ ನಂತರ, ಸೋಂಕು ತಗಲಿದರೂ ಅದು ಬಾಧಿಸದ ಎಲಿ ಎಂಬ ಹುಡುಗಿಯನ್ನು ಜೋಯಲ್ ದೇಶದುದ್ದಕ್ಕೂ ಕರೆದೊಯ್ದು ಸಾಲ್ಟ್ ಲೇಕ್ ಸಿಟಿಯ ಆಸ್ಪತ್ರೆಗೆ ತಲುಪಿಸುತ್ತಾನೆ. ಅವಳಿಂದ ಔಷಧ ಪಡೆಯಬೇಕೆಂದರೆ ಅವಳ ಪ್ರಾಣವೇ ಹೋಗಬೇಕೆಂದು ತಿಳಿದಾಗ, ಮನುಕುಲದ ಹಿತಕ್ಕಿಂತ ಆ ಒಂದು ಜೀವವೇ ದೊಡ್ಡದೆಂದು ತೀರ್ಮಾನಿಸಿ, ಅಡ್ಡ ಬಂದವರನ್ನೆಲ್ಲ ಕೊಲ್ಲುತ್ತ ಶಸ್ತ್ರಚಿಕಿತ್ಸೆಯ ಕೋಣೆಗೆ ನುಗ್ಗುತ್ತಾನೆ. ಧಾರಾವಾಹಿ ಈ ನರಮೇಧವನ್ನು ಗುಂಡಿನ ಸದ್ದು ತಗ್ಗಿಸಿ, ಮೇಲೆ ವಿಷಾದದ ಸಂಗೀತ ಹರಿಸಿ ತೋರಿಸುತ್ತದೆ. ನಾವು ದೂರ ನಿಂತು, ಮಗಳನ್ನು ಕಳೆದುಕೊಂಡವನೊಬ್ಬ ಏನಾಗಿಹೋದ ಎಂದು ಮರುಗುತ್ತೇವೆ. ಗೇಮ್‌ನಲ್ಲಿ ಸಂಗೀತ ನಮ್ಮ ಪರವಾಗಿ ಮರುಗುವುದಿಲ್ಲ. ವೈದ್ಯ ಚಾಕು ಹಿಡಿದು ಎದುರು ನಿಂತಿರುತ್ತಾನೆ, ಜೋಯಲ್ ಸುಮ್ಮನೆ ನಿಂತಿರುತ್ತಾನೆ, ಆಟಗಾರ ಆ ವೈದ್ಯನನ್ನು ಕೊಲ್ಲುವ ತನಕ ಕಥೆ ಒಂದಿಂಚೂ ಕದಲುವುದಿಲ್ಲ. ಬೇರೆ ದಾರಿಯೇ ಇಲ್ಲವೇ ಎಂದು ಕೋಣೆಯೆಲ್ಲ ಸುತ್ತಾಡಿ, ಕೊನೆಗೆ ಮನಸ್ಸಿಲ್ಲದೆ ಬಟನ್ ಒತ್ತಿದವನಿಗೆ ಸಿಗುವ ಭಾವನೆ ಮರುಕವಲ್ಲ. ಅದು ಪಾಪಪ್ರಜ್ಞೆಗೆ ಬಹಳ ಹತ್ತಿರದ್ದು.

ಹಾಗೆಂದು ಗೇಮ್ ಎಲ್ಲೆಡೆ ಗೆದ್ದಿತೆಂದು ಹೇಳಿದರೆ ಅನ್ಯಾಯವಾಗುತ್ತದೆ. ಧಾರಾವಾಹಿಯ ಮೂರನೆಯ ಕಂತು ಬಿಲ್ ಮತ್ತು ಫ್ರ್ಯಾಂಕ್ ಎಂಬ ಇಬ್ಬರು ಪುರುಷರ ಪ್ರೇಮಕಥೆ. ಗೇಮ್‌ನಲ್ಲಿ ಬಿಲ್ ಒಬ್ಬ ಸಿಡುಕ. ಅವನನ್ನು ಬಿಟ್ಟುಹೋದ ಫ್ರ್ಯಾಂಕ್ ನೇಣು ಹಾಕಿಕೊಂಡ ಸ್ಥಿತಿಯಲ್ಲಿ, ದ್ವೇಷ ಕಾರುವ ಒಂದು ಚೀಟಿಯೊಂದಿಗೆ ಸಿಗುತ್ತಾನೆ, ಅಷ್ಟೇ. ಧಾರಾವಾಹಿಯಲ್ಲಿ ಅವರಿಬ್ಬರೂ ವರ್ಷಗಟ್ಟಲೆ ಜೊತೆಗೆ ಬಾಳಿ, ಜಗಳವಾಡಿ, ತೋಟ ಮಾಡಿ, ಮುಪ್ಪಾಗಿ, ಒಂದೇ ದಿನ ಒಟ್ಟಿಗೆ ಸಾಯಲು ನಿರ್ಧರಿಸುತ್ತಾರೆ. ಗೇಮ್ ಇದನ್ನು ಮಾಡಲಾರದು ಎಂಬುದಕ್ಕೆ ಕಾರಣ ಬರಹಗಾರರ ಅಶಕ್ತಿಯಲ್ಲ. ಅಲ್ಲಿ ಕ್ಯಾಮೆರಾ ಆಟಗಾರನ ಬೆನ್ನು ಬಿಟ್ಟು ಹೋಗುವಂತಿಲ್ಲ. ಅವನು ನಡೆಸುವ ಪಾತ್ರ ಇಲ್ಲದ ಕಡೆ ಆಟಗಾರನೂ ಇಲ್ಲ. ಹೋರಾಟವಿಲ್ಲದ, ಅಪಾಯವಿಲ್ಲದ ಸಂಸಾರದ ದಿನಗಳಲ್ಲಿ ಆಟಗಾರನ ಕೈಗೆ ಏನು ಕೆಲಸ ಕೊಡುವುದು? ಸಿನಿಮಾಕ್ಕೆ ಈ ಪ್ರಶ್ನೆಯೇ ಏಳುವುದಿಲ್ಲ. ಅದು ಒಂದು ಕಟ್‌ನಲ್ಲಿ ಹತ್ತು ವರ್ಷ ದಾಟಬಲ್ಲದು, ಯಾರ ಮುಖದ ಮೇಲೆ ಬೇಕಾದರೂ ಎಷ್ಟು ಹೊತ್ತು ಬೇಕಾದರೂ ನಿಲ್ಲಬಲ್ಲದು. ಕಾಲದ ಮೇಲಿನ ಈ ಹಿಡಿತ ಗೇಮ್‌ಗೆ ಬಹುಮಟ್ಟಿಗೆ ದಕ್ಕಿಲ್ಲ.

ಅಮೆರಿಕದ ಹೆಸರಾಂತ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ 2005ರಲ್ಲಿ ಗೇಮ್‌ಗಳ ವಿರುದ್ಧ ಹೂಡಿದ ವಾದವೂ ಹಿಡಿತದ ಬಗ್ಗೆಯೇ ಇತ್ತು. ಗಂಭೀರ ಸಿನಿಮಾ ಮತ್ತು ಸಾಹಿತ್ಯಕ್ಕೆ ಕರ್ತೃವಿನ ನಿಯಂತ್ರಣ ಬೇಕು. ಗೇಮ್ ತನ್ನ ಸ್ವಭಾವದಿಂದಲೇ ಆಟಗಾರನ ಆಯ್ಕೆಗೆ ಬಾಗಿಲು ತೆರೆಯುತ್ತದೆ. ಹಾಗಾಗಿ ಅದು ಆ ಎತ್ತರಕ್ಕೆ ಏರಲಾರದು ಎಂಬುದು ಅವರ ತರ್ಕ. 2010ರ ಏಪ್ರಿಲ್‌ನಲ್ಲಿ ಅದನ್ನೇ ಇನ್ನಷ್ಟು ಖಡಾಖಂಡಿತವಾಗಿ ಹೇಳಿದರು. ಪ್ರತಿಕ್ರಿಯೆಗಳ ಪ್ರವಾಹದ ನಂತರ, ಅದೇ ಜುಲೈನಲ್ಲಿ, ಆಡಿ ನೋಡದೆ ತಾನು ಹಾಗೆ ಹೇಳಬಾರದಿತ್ತೆಂದು ಒಪ್ಪಿಕೊಂಡರು. ವಾದವನ್ನು ಮಾತ್ರ ಅವರು ಪೂರ್ತಿ ಹಿಂತೆಗೆದುಕೊಳ್ಳಲಿಲ್ಲ, ಮತ್ತು ಅದು ಸುಲಭವಾಗಿ ತಳ್ಳಿಹಾಕುವಂಥ ವಾದವೂ ಅಲ್ಲ.

ಆದರೆ ತಾಳಮದ್ದಳೆ ಕೇಳಿ ಬೆಳೆದವರಿಗೆ ಈ ವಾದದ ಬಿರುಕು ಬೇಗ ಕಾಣಬೇಕು. ಅಲ್ಲಿ ಪ್ರಸಂಗ ಕವಿಯದು, ಪದ್ಯ ಭಾಗವತರದು, ಕರ್ಣ ಸಾಯುವುದು ಮೊದಲೇ ನಿಶ್ಚಿತ. ಆದರೆ ಕೃಷ್ಣನೆದುರು ಕುಳಿತ ಕರ್ಣ ಏನೆಂದು ಉತ್ತರಿಸುತ್ತಾನೆ, ಯಾವ ಮಾತಿಗೆ ಕುಗ್ಗುತ್ತಾನೆ, ಯಾವುದಕ್ಕೆ ಸೆಟೆದು ನಿಲ್ಲುತ್ತಾನೆ ಎಂಬುದು ಆ ರಾತ್ರಿಯ ಅರ್ಥಧಾರಿಗೆ ಬಿಟ್ಟದ್ದು. ಕರ್ತೃವಿನ ಹಿಡಿತವೂ ಆಡುವವನ ಸ್ವಾತಂತ್ರ್ಯವೂ ಒಂದೇ ಚೌಕಟ್ಟಿನಲ್ಲಿ ಕೂಡಿ ಬಾಳಿದ ಕಲೆ ನಮ್ಮಲ್ಲಿ ಇದೆ. ಅದರಿಂದ ಕೇಳುಗರ ಕಣ್ಣು ಒದ್ದೆಯಾಗುವುದಕ್ಕೆ ಅಡ್ಡಿಯಾಗಿಲ್ಲ. ಹಾಗಾಗಿ ಆಯ್ಕೆಯಿದ್ದಲ್ಲಿ ಭಾವ ನಿಲ್ಲದು ಎನ್ನುವುದು ನಿಜವಲ್ಲ. ನಿಜವಾದ ತೊಡಕು ಬೇರೆ ಕಡೆ ಇದೆ: ಗೇಮ್‌ನಲ್ಲಿ ಅರ್ಥಧಾರಿಯೂ ಕೇಳುಗನೂ ಒಬ್ಬನೇ.

ಈ ತೊಡಕನ್ನು ಅರಿಯಲು ಭಾರತೀಯ ಕಾವ್ಯಮೀಮಾಂಸೆ ಪಶ್ಚಿಮದ ಚರ್ಚೆಗಿಂತ ಹೆಚ್ಚು ನೆರವಾಗುತ್ತದೆ ಎಂದು ನನ್ನ ಅನಿಸಿಕೆ. ರಂಗದ ಮೇಲಿನ ಶೋಕ ನಮ್ಮ ಮನೆಯ ಶೋಕದಂತೆ ನಮ್ಮನ್ನು ಕೆಡವದೆ ಆಸ್ವಾದವಾಗುವುದು ಹೇಗೆ ಎಂಬ ಪ್ರಶ್ನೆಗೆ ಭಟ್ಟನಾಯಕ ಕೊಟ್ಟ ಉತ್ತರ ಸಾಧಾರಣೀಕರಣ. ಸೀತೆಯ ಅಳಲು ಸೀತೆಯದೂ ಆಗಿ ಉಳಿಯದೆ, ನನ್ನದೂ ಆಗಿ ಅಂಟದೆ, ಯಾರಿಗೂ ಸೇರದ, ಎಲ್ಲರಿಗೂ ಸಲ್ಲುವ ಭಾವವಾದಾಗ ಮಾತ್ರ ಕರುಣರಸ. ಅಭಿನವಗುಪ್ತ ಇನ್ನೂ ಮುಂದೆ ಹೋಗಿ ರಸಾನುಭವಕ್ಕೆ ಒದಗುವ ವಿಘ್ನಗಳನ್ನೇ ಪಟ್ಟಿ ಮಾಡಿದ. ಭಾವವನ್ನು ‘ಇದು ನನ್ನದು’ ಎಂದು ತನಗೇ ಕಟ್ಟಿಹಾಕಿಕೊಳ್ಳುವುದು ಅವುಗಳಲ್ಲೊಂದು, ಪ್ರೇಕ್ಷಕ ತನ್ನ ಸ್ವಂತ ಸುಖದುಃಖದಲ್ಲಿ ಮುಳುಗಿರುವುದು ಇನ್ನೊಂದು. ಸಿನಿಮಾ ಈ ಅರ್ಥದಲ್ಲಿ ರಂಗಭೂಮಿಯ ನೇರ ವಾರಸುದಾರ: ಕತ್ತಲೆಯ ಹಾಲ್, ದೂರದ ಪರದೆ, ಕೈಕಟ್ಟಿ ಕುಳಿತ ಪ್ರೇಕ್ಷಕ. ಗೇಮ್ ಈ ಎರಡು ವಿಘ್ನಗಳ ಮೇಲೆಯೇ ತನ್ನ ಮನೆ ಕಟ್ಟಿಕೊಂಡ ಮಾಧ್ಯಮ. ‘ನಾನು ಸತ್ತೆ’, ‘ನಾನು ಕೊಂದೆ’, ‘ನನ್ನ ಕುದುರೆ’ ಎಂದೇ ಆಟಗಾರ ಮಾತಾಡುತ್ತಾನೆ. ಸಿನಿಮಾ ನೋಡಿ ಬಂದ ಯಾರೂ ಹಾಗೆ ಮಾತಾಡುವುದಿಲ್ಲ.

ಬಹುಪಾಲು ಗೇಮ್‌ಗಳಲ್ಲಿ ಈ ವಿಘ್ನ ನಿಜಕ್ಕೂ ವಿಘ್ನವೇ. ಕಷ್ಟದ ಘಟ್ಟವೊಂದರಲ್ಲಿ ನಾಯಕ ಮತ್ತೆ ಮತ್ತೆ ಸತ್ತು ಎದ್ದ ಮೇಲೆ, ಮುಂದಿನ ದೃಶ್ಯದಲ್ಲಿ ಬರುವ ಅವನ ಗೆಳೆಯನ ಸಾವಿಗೆ ನಾವು ಹೇಗೆ ಅಳುವುದು? ಸಾವು ಅಲ್ಲಿ ಆಗಲೇ ಅಗ್ಗವಾಗಿಬಿಟ್ಟಿರುತ್ತದೆ. ಕಟ್‌ಸೀನ್‌ನಲ್ಲಿ, ಅಂದರೆ ಆಟ ನಿಂತು ಸಿನಿಮಾದಂತೆ ಓಡುವ ದೃಶ್ಯದಲ್ಲಿ, ಹಾಸ್ಯಪ್ರಿಯ, ಮೃದು ಮನಸ್ಸಿನವ ಎಂದು ಚಿತ್ರಿತನಾದ ನಾಯಕ ಆಟ ಶುರುವಾದೊಡನೆ ನೂರಾರು ಜನರನ್ನು ಸಲೀಸಾಗಿ ಕೊಲ್ಲುತ್ತಾನೆ. ಕಥೆ ಒಂದು ಹೇಳುವುದು, ಆಟ ಇನ್ನೊಂದು ಹೇಳುವುದು ಎಂಬ ಈ ಅಸಂಗತತೆಯನ್ನು ಗೇಮ್ ವಿನ್ಯಾಸಕ ಕ್ಲಿಂಟ್ ಹಾಕಿಂಗ್ 2007ರಲ್ಲಿ ‘ಬಯೋಶಾಕ್’ ಎಂಬ ಗೇಮ್ ಕುರಿತು ಬರೆಯುತ್ತ ಹೆಸರಿಟ್ಟು ಗುರುತಿಸಿದರು. ಅಲ್ಲಿಂದೀಚೆಗೆ ಅದು ಗೇಮ್ ವಿಮರ್ಶೆಯ ದಿನಬಳಕೆಯ ಮಾತಾಗಿದೆ. ಇನ್ನು, ಸಿನಿಮಾದ ದೃಶ್ಯಕ್ಕೆ ಒಂದು ಬಟನ್ ಅಂಟಿಸಿಬಿಟ್ಟರೆ ಭಾವ ಹುಟ್ಟುತ್ತದೆಂಬ ಭ್ರಮೆಗೆ 2014ರ ‘ಕಾಲ್ ಆಫ್ ಡ್ಯೂಟಿ: ಅಡ್ವಾನ್ಸ್ಡ್ ವಾರ್‌ಫೇರ್’ ಶಾಶ್ವತ ಸಾಕ್ಷಿ. ಸತ್ತ ಸೈನಿಕನ ಶವಪೆಟ್ಟಿಗೆಯ ಮುಂದೆ ನಿಂತಾಗ, ಗೌರವ ಸಲ್ಲಿಸಲು ‘ಎಫ್’ ಒತ್ತಿ ಎಂಬ ಸೂಚನೆ ಕಂಪ್ಯೂಟರ್ ಪರದೆಯ ಮೇಲೆ ಮೂಡುತ್ತದೆ. ಜಗತ್ತಿಗೆ ಜಗತ್ತೇ ನಕ್ಕಿತು. ಇಂದಿಗೂ ಯಾರದಾದರೂ ಮೊಬೈಲ್ ಒಡೆದುಹೋದರೆ ಕಾಮೆಂಟ್‌ಗಳಲ್ಲಿ ಬರಿಯ ಒಂದು ‘ಎಫ್’ ಬೀಳುವುದು ಅದರಿಂದಲೇ. ಅಲ್ಲಿ ಕೈಗೂ ಭಾವಕ್ಕೂ ಸಂಬಂಧವಿರಲಿಲ್ಲ. ಬಾಗಿಲು ತೆರೆಯುವ ಬಟನ್ನೇ ಶೋಕಾಚರಣೆಯ ಬಟನ್ನೂ ಆಗಿತ್ತು.

ಸಂಬಂಧವಿದ್ದರೆ ಏನಾಗುತ್ತದೆ ಎಂಬುದಕ್ಕೆ ಅದಕ್ಕೂ ಒಂದು ವರ್ಷ ಮೊದಲೇ ಉತ್ತರ ಬಂದಿತ್ತು, ಅದೂ ಒಬ್ಬ ಸಿನಿಮಾ ನಿರ್ದೇಶಕನಿಂದ. ಲೆಬನಾನ್ ಮೂಲದ ಸ್ವೀಡಿಷ್ ನಿರ್ದೇಶಕ ಜೋಸೆಫ್ ಫಾರೆಸ್ 2013ರಲ್ಲಿ ಸ್ಟಾರ್‌ಬ್ರೀಜ್ ಸಂಸ್ಥೆಗಾಗಿ ‘ಬ್ರದರ್ಸ್: ಎ ಟೇಲ್ ಆಫ್ ಟೂ ಸನ್ಸ್’ ರೂಪಿಸಿದರು. ಕಾಯಿಲೆ ಬಿದ್ದ ತಂದೆಗೆ ಔಷಧ ತರಲು ಹೊರಟ ಅಣ್ಣತಮ್ಮಂದಿರ ಕಥೆ ಅದು. ಪಾತ್ರಗಳು ಆಡುವ ಭಾಷೆ ಯಾವ ದೇಶದ್ದೂ ಅಲ್ಲ, ಕಲ್ಪಿತ. ಆಟಗಾರ ಎರಡೂ ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ನ ಎಡಭಾಗ ಅಣ್ಣನನ್ನು ನಡೆಸುತ್ತದೆ, ಬಲಭಾಗ ತಮ್ಮನನ್ನು. ಎರಡು ಕೈ, ಎರಡು ಮಕ್ಕಳು. ಆರಂಭದಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತ ಎಡವುತ್ತಾರೆ, ಬರಬರುತ್ತ ಎರಡೂ ಕೈಗಳು ಹೊಂದಿಕೊಳ್ಳುತ್ತವೆ. ತಮ್ಮನಿಗೆ ನೀರೆಂದರೆ ಭಯ, ತಾಯಿ ಮುಳುಗಿ ಸತ್ತದ್ದನ್ನು ಕಂಡವನು. ಅವನನ್ನು ಯಾವಾಗಲೂ ಅಣ್ಣನೇ ಬೆನ್ನ ಮೇಲೆ ಹೊತ್ತು ಈಜಬೇಕು. ಕೊನೆಗೆ ಅಣ್ಣ ಸಾಯುತ್ತಾನೆ, ತಮ್ಮನೇ ಅವನನ್ನು ಮಣ್ಣು ಮಾಡುತ್ತಾನೆ. ಆಮೇಲಿನ ದಾರಿಯುದ್ದಕ್ಕೂ ಆಟಗಾರನ ಎಡಗೈಗೆ ಕೆಲಸವಿಲ್ಲ. ಮನೆ ಹತ್ತಿರ ಬಂದಾಗ ಹೊಳೆ ಅಡ್ಡ ಬರುತ್ತದೆ. ಬಲಗಡೆಯ ಬಟನ್ ಎಷ್ಟು ಒತ್ತಿದರೂ ಹುಡುಗ ನೀರಿಗಿಳಿಯಲು ಒಲ್ಲ. ಏನು ಮಾಡಬೇಕೆಂದು ಗೇಮ್ ಹೇಳುವುದಿಲ್ಲ. ತೋಚದೆ ತಡಕಾಡಿ ಆಟಗಾರ ಎಡಗಡೆಯ, ಸತ್ತುಹೋದ ಅಣ್ಣನ ಬಟನ್ ಒತ್ತಿದಾಗ ತಮ್ಮ ಈಜತೊಡಗುತ್ತಾನೆ.

ಒಂದು ಮಾತಿಲ್ಲ, ಒಂದು ಕ್ಲೋಸ್-ಅಪ್ ಇಲ್ಲ. ಅಗಲಿದವರು ಕಲಿಸಿದ್ದು ಉಳಿದವರಲ್ಲಿ ಬಾಳುತ್ತದೆ ಎಂಬುದನ್ನು ಸಿನಿಮಾ ತೋರಿಸಬಲ್ಲದು, ಸಂಭಾಷಣೆಯಲ್ಲಿ ಹೇಳಿಸಲೂ ಬಲ್ಲದು. ಆದರೆ ಇಲ್ಲಿ ಅಣ್ಣನ ಕೊರತೆ ಕೈಯ ಒಂದು ಜಾಗದಲ್ಲಿತ್ತು, ಅದೇ ಜಾಗದಲ್ಲಿ ಅವನು ಮರಳಿ ಸಿಕ್ಕ. ಈ ಅನುಭವವನ್ನು ಬೇರೊಂದು ಮಾಧ್ಯಮಕ್ಕೆ ಸಾಗಿಸಲು ಆಗುವುದೇ ಇಲ್ಲ; ಧಾರಾವಾಹಿ ಮಾಡಿದರೆ ಉಳಿಯುವುದು ಹೊಳೆ ದಾಟುವ ಹುಡುಗ ಮಾತ್ರ. ಗೇಮ್‌ಗಳ ಭಾವಶಕ್ತಿಯ ಬಗ್ಗೆ ಒಂದೇ ಒಂದು ಸಾಕ್ಷಿ ಕೊಡಿ ಎಂದರೆ ನಾನು ಈ ಬಟನ್ನನ್ನೇ ತೋರಿಸುತ್ತೇನೆ.

ಇನ್ನೊಂದು ಬಗೆಯ ಭಾವ, ಹೊಣೆಗಾರಿಕೆಯದು. ಲೂಕಸ್ ಪೋಪ್ ಎಂಬ ಅಮೆರಿಕನ್ ವಿನ್ಯಾಸಕ ಬಹುಮಟ್ಟಿಗೆ ಒಬ್ಬರೇ ಮಾಡಿ 2013ರಲ್ಲಿ ಬಿಡುಗಡೆಗೊಳಿಸಿದ ‘ಪೇಪರ್ಸ್, ಪ್ಲೀಸ್’ನಲ್ಲಿ ಆಟಗಾರ ಅರ್ಸ್ಟೋಟ್ಸ್ಕಾ ಎಂಬ ಕಲ್ಪಿತ ಸರ್ವಾಧಿಕಾರಿ ದೇಶದ ಗಡಿಯಲ್ಲಿ ಕಾಗದಪತ್ರ ತಪಾಸಣೆ ಮಾಡುವ ಗುಮಾಸ್ತ. ಕೌಂಟರ್ ಮುಂದೆ ಒಬ್ಬೊಬ್ಬರಾಗಿ ಬರುತ್ತಾರೆ. ಪಾಸ್‌ಪೋರ್ಟ್ ಸಂಖ್ಯೆ, ಅವಧಿ, ಭಾವಚಿತ್ರ, ಮುದ್ರೆ ಎಲ್ಲ ತಾಳೆ ನೋಡಿ ಹಸಿರು ಅಥವಾ ಕೆಂಪು ಠಸ್ಸೆ ಒತ್ತಬೇಕು. ಎಷ್ಟು ಜನರನ್ನು ಸರಿಯಾಗಿ ಪರಿಶೀಲಿಸಿದಿರೋ ಅಷ್ಟು ಸಂಬಳ. ದಿನದ ಕೊನೆಗೆ ಬಾಡಿಗೆ, ಊಟ, ಮನೆ ಬೆಚ್ಚಗಿಡುವ ಖರ್ಚು, ಮಗನ ಔಷಧ ಇವುಗಳ ಲೆಕ್ಕ ಎದುರಾಗುತ್ತದೆ. ಎಲ್ಲದಕ್ಕೂ ಸಾಲುವುದು ಅಪರೂಪ. ಒಂದು ದಿನ ಒಬ್ಬ ಗಂಡಸು ಬರುತ್ತಾನೆ, ಕಾಗದಗಳೆಲ್ಲ ಸರಿ. ಹೋಗುವಾಗ, ಮುಂದಿನವಳು ನನ್ನ ಹೆಂಡತಿ, ದಯೆಯಿರಲಿ ಎನ್ನುತ್ತಾನೆ. ಹೆಂಡತಿಯ ಬಳಿ ಒಳಬರುವ ಪರವಾನಗಿ ಇಲ್ಲ. ಒಂದು ದಿನಕ್ಕೆ ಎರಡು ತಪ್ಪುಗಳಿಗೆ ಬರೀ ಎಚ್ಚರಿಕೆ, ಮೂರನೆಯದರಿಂದ ದಂಡ. ಆ ದಿನ ಅಜಾಗ್ರತೆಯಿಂದ ಈಗಾಗಲೇ ಎರಡು ತಪ್ಪು ಮಾಡಿದ್ದರೆ, ಅವಳ ಮೇಲಿನ ಕರುಣೆಯ ಬೆಲೆ ನಿಮ್ಮ ಮನೆಯವರ ಊಟದಿಂದ ಕಳೆಯುತ್ತದೆ. ಅಧಿಕಾರಿಗಳ ನಿರ್ದಯತೆಯನ್ನು ಟೀಕಿಸುವ ಸಿನಿಮಾಗಳು ಹೇರಳವಾಗಿವೆ, ಅವುಗಳಲ್ಲಿ ನಾವು ಯಾವಾಗಲೂ ಸರದಿಯಲ್ಲಿ ನಿಂತವರ ಪಕ್ಷ. ಇಲ್ಲಿ ಕೌಂಟರಿನ ಒಳಗಡೆ ಕುಳಿತು, ಸರದಿ ಬೇಗ ಕರಗಲೆಂಬ ಅವಸರದಲ್ಲಿ, ಎದುರಿನ ಮುಖವನ್ನು ನೋಡುವುದನ್ನೇ ಬಿಟ್ಟು ಬರೀ ಅಂಕಿಗಳನ್ನು ನೋಡತೊಡಗಿದ್ದೇವೆಂದು ನಮಗೇ ಅರಿವಾಗುವ ಒಂದು ಕ್ಷಣ ಬರುತ್ತದೆ. ಅದನ್ನು ಯಾವ ಪಾತ್ರವೂ ನಮಗೆ ಹೇಳಿಕೊಡುವುದಿಲ್ಲ.

ಪೋಲೆಂಡಿನ ‘ದಿಸ್ ವಾರ್ ಆಫ್ ಮೈನ್’ (2014) ಇದೇ ದಾರಿಯದು; ಬೋಸ್ನಿಯಾ ಯುದ್ಧದ ಕಾಲದ ಸರಾಯೆವೋ ನಗರದ ಮುತ್ತಿಗೆಯಿಂದ ಪ್ರೇರಿತವಾದ ಅದರಲ್ಲಿ ಸೈನಿಕರಲ್ಲ, ಹಸಿದ ನಾಗರಿಕರು ನಾಯಕರು, ಮುದುಕ ದಂಪತಿಯ ಮನೆಯಿಂದ ಔಷಧಿ ಕದಿಯಬೇಕೇ ಎಂಬಂಥ ಪ್ರಶ್ನೆಗಳು. ಪೋಲೆಂಡ್ ಸರ್ಕಾರ 2020ರಲ್ಲಿ ಅದನ್ನು ಶಾಲಾ ಮಕ್ಕಳ ಐಚ್ಛಿಕ ಓದಿನ ಪಟ್ಟಿಗೆ ಸೇರಿಸುವುದಾಗಿ ಪ್ರಕಟಿಸಿತು.

ಆಯ್ಕೆ ಕೊಡುವುದು ಒಂದು ಉಪಾಯವಾದರೆ, ಕೊಟ್ಟಂತೆ ಮಾಡಿ ಕಿತ್ತುಕೊಳ್ಳುವುದು ಇನ್ನೊಂದು. ರಯಾನ್ ಗ್ರೀನ್ ಮತ್ತು ಏಮಿ ಗ್ರೀನ್ ದಂಪತಿ 2016ರ ಜನವರಿಯಲ್ಲಿ ಬಿಡುಗಡೆ ಮಾಡಿದ ‘ದ್ಯಾಟ್ ಡ್ರ್ಯಾಗನ್, ಕ್ಯಾನ್ಸರ್’ ಅವರದೇ ಮಗ ಜೋಯಲ್‌ನ ಕಥೆ. ಒಂದು ವರ್ಷದ ಕೂಸಾಗಿದ್ದಾಗ ಕ್ಯಾನ್ಸರ್ ಪತ್ತೆಯಾಯಿತು. ಗೇಮ್ ತಯಾರಾಗುತ್ತಿರುವಾಗಲೇ, 2014ರಲ್ಲಿ, ಐದನೆಯ ವಯಸ್ಸಿನಲ್ಲಿ ಮಗು ತೀರಿಕೊಂಡಿತು. ಅದರ ಒಂದು ದೃಶ್ಯದಲ್ಲಿ ಆಸ್ಪತ್ರೆಯ ಕೋಣೆ, ರಾತ್ರಿ, ತಂದೆ, ಬಾಯಾರಿ ಅಳುವ ಮಗು. ಗೇಮ್ ಆಡಿ ಅಭ್ಯಾಸವಿರುವವನು ಸಹಜವಾಗಿಯೇ ಕೋಣೆಯಲ್ಲಿರುವ ಒಂದೊಂದನ್ನೂ ಮುಟ್ಟಿ ನೋಡುತ್ತಾನೆ, ಏಕೆಂದರೆ ಗೇಮ್ ಎಂದಮೇಲೆ ಸಮಸ್ಯೆಗೆ ಪರಿಹಾರ ಎಲ್ಲೋ ಇಟ್ಟಿರಲೇಬೇಕು. ಜ್ಯೂಸ್ ಕೊಟ್ಟರೆ ಮಗು ವಾಂತಿ ಮಾಡಿಕೊಳ್ಳುತ್ತದೆ. ಎತ್ತಿ ತೂಗಿದರೆ ಅಳು ಹೆಚ್ಚುತ್ತದೆ. ಒಂದೂ ಫಲಿಸುವುದಿಲ್ಲ. ಅಸಹಾಯಕತೆಯನ್ನು ಚಿತ್ರಿಸಲು ಗೇಮ್‌ನಷ್ಟು ಸಮರ್ಥ ಮಾಧ್ಯಮ ಇನ್ನೊಂದಿಲ್ಲ, ಏಕೆಂದರೆ ಪ್ರಯತ್ನಕ್ಕೆ ಫಲ ಸಿಕ್ಕೇ ಸಿಗುತ್ತದೆಂಬ ಭರವಸೆಯನ್ನು ದಶಕಗಳಿಂದ ಬೆಳೆಸಿದ್ದೂ ಅದೇ. ಆ ಭರವಸೆ ಮುರಿದಾಗ ಆಗುವ ನೋವು ಸುಮ್ಮನೆ ಕುಳಿತು ನೋಡುವವನಿಗೆ ಸಿಗುವಂಥದ್ದಲ್ಲ.

ಅಭಿನವಗುಪ್ತನ ಅಳತೆಗೆ ಇವು ರಸಾನುಭವಗಳೇ? ಕಟ್ಟುನಿಟ್ಟಾಗಿ ನೋಡಿದರೆ ಅಲ್ಲವೆಂದೇ ಹೇಳಬೇಕು. ಪಾಪಪ್ರಜ್ಞೆ, ಹೊಣೆ, ವ್ಯರ್ಥ ಪ್ರಯತ್ನದ ದಣಿವು, ಇವೆಲ್ಲ ‘ನನ್ನದು’ ಎಂಬ ಎಳೆ ಕಡಿದರೆ ಸತ್ತೇ ಹೋಗುವ ಭಾವಗಳು; ಅವು ಸಾಧಾರಣೀಕರಣಗೊಂಡರೆ ಉಳಿಯುವುದೇ ಇಲ್ಲ. ಹಾಗಿದ್ದರೂ ಅವು ಬದುಕಿನ ನೇರ ಭಾವಗಳೂ ಅಲ್ಲ: ವೈದ್ಯ ನಿಜವಾಗಿ ಸತ್ತಿಲ್ಲ, ಗಡಿಯಲ್ಲಿ ಯಾರನ್ನೂ ನಾವು ನಿಜವಾಗಿ ತಡೆದಿಲ್ಲ, ಅದು ನಮಗೆ ಚೆನ್ನಾಗಿ ಗೊತ್ತು. ಸುರಕ್ಷಿತವಾದ, ಆದರೆ ಸ್ವಂತದ್ದೆನಿಸುವ ಈ ನಡುವಿನ ಭಾವಕ್ಕೆ ಹಳೆಯ ಲಕ್ಷಣಕಾರರಲ್ಲಿ ಜಾಗವಿಲ್ಲದಿರುವುದು ಅವರ ಕೊರತೆಯಲ್ಲ, ಅವರ ಮುಂದೆ ಇಂಥ ಮಾಧ್ಯಮ ಇರಲಿಲ್ಲ. ‘ಸಿನಿಮಾದಂತೆ’ ಎಂಬ ಅಳತೆಗೋಲು ತಪ್ಪುದಾರಿಗೆಳೆಯುವುದು ಇಲ್ಲಿಯೇ. ಕರುಣೆಯ ವಿಷಯದಲ್ಲಿ ಗೇಮ್ ಸಿನಿಮಾದ ಮುಂದೆ ಇವತ್ತಿಗೂ ಕಲಿಯುವ ಹುಡುಗ. ಹೊಣೆಯ ವಿಷಯದಲ್ಲಿ ಸಿನಿಮಾಕ್ಕೆ ಆ ಅಂಗಳಕ್ಕೆ ಪ್ರವೇಶವೇ ಇಲ್ಲ.

ಎರಡನ್ನೂ ಒಟ್ಟಿಗೆ ಸಾಧಿಸಲು ಹೊರಟ ಮಹತ್ವಾಕಾಂಕ್ಷೆಯ ಗೇಮ್ 2018ರ ‘ರೆಡ್ ಡೆಡ್ ರಿಡೆಂಪ್ಷನ್ 2’. 1899ರ ಅಮೆರಿಕದಲ್ಲಿ ಆರ್ಥರ್ ಮಾರ್ಗನ್ ಎಂಬ ದರೋಡೆಕೋರ. ಆರಂಭದ ಹಂತದಲ್ಲಿ ಸಾಲ ವಸೂಲಿಗೆಂದು ಥಾಮಸ್ ಡೌನ್ಸ್ ಎಂಬ ಕಾಯಿಲೆಯ ರೈತನ ಮನೆಗೆ ಹೋಗಿ ಅವನನ್ನು ಹೊಡೆಯಬೇಕು; ಅದು ಆಗ ಆಟಗಾರನಿಗೆ ಅಂದಿನ ಹತ್ತು ಕೆಲಸಗಳಲ್ಲಿ ಒಂದು. ಹೊಡೆಯುವಾಗ ಅವನು ಕೆಮ್ಮುತ್ತಾನೆ, ಆರ್ಥರ್‌ನ ಮುಖಕ್ಕೆ ರಕ್ತ ಸಿಡಿಯುತ್ತದೆ. ಹಲವು ಹತ್ತು ಗಂಟೆಗಳ ಆಟ ಮುಗಿದ ಮೇಲೆ, ಆಟಗಾರ ಅದನ್ನು ಮರೆತೇಬಿಟ್ಟಿರುವಾಗ, ಆರ್ಥರ್‌ಗೆ ಕ್ಷಯ ತಗಲಿರುವುದು ತಿಳಿಯುತ್ತದೆ. ಮುಂದಿನ ಅವನ ಪಶ್ಚಾತ್ತಾಪದ ಕಥೆ ಬಹಳ ಸೊಗಸಾಗಿದೆ; ಆದರೆ ಆಟಗಾರ ಕಥೆಯನ್ನು ಮಧ್ಯದಲ್ಲೇ ಬಿಟ್ಟು ಅದೇ ಸಾಯುತ್ತಿರುವ ಮನುಷ್ಯನಿಂದ ಮೀನು ಹಿಡಿಸಬಹುದು, ದಾರಿಹೋಕರನ್ನು ಸುಮ್ಮನೆ ಗುಂಡಿಕ್ಕಿಸಬಹುದು. ಮೂರು ಗಂಟೆಯ ಸಿನಿಮಾಕ್ಕೆ ಬಿಗಿ ಇದೆ, ಐವತ್ತು ಗಂಟೆಯ ಗೇಮ್‌ಗೆ ಸಲುಗೆ ಇದೆ. ಸಲುಗೆಯಿಂದ ಹುಟ್ಟುವ ಆತ್ಮೀಯತೆಯನ್ನೂ ಶೈಥಿಲ್ಯವನ್ನೂ ಒಟ್ಟಿಗೇ ಒಪ್ಪಿಕೊಳ್ಳಬೇಕಾಗುತ್ತದೆ.

ಇಂಥ ಗೇಮ್‌ಗಳನ್ನು ನಮ್ಮಲ್ಲಿ ಬಹಳ ಮಂದಿ ಆಡುವುದಿಲ್ಲ, ಯೂಟ್ಯೂಬ್‌ನಲ್ಲಿ ಇನ್ನೊಬ್ಬರು ಆಡುವುದನ್ನು ನೋಡುತ್ತಾರೆ ಎಂಬುದು ಇನ್ನೊಂದು ಸ್ವಾರಸ್ಯ. ಕಾರಣ ಸರಳ: ಗೇಮ್ ಆಡುವ ಯಂತ್ರವಾದ ಕನ್ಸೋಲ್‌ಗೆ ಹತ್ತಾರು ಸಾವಿರ ರೂಪಾಯಿ, ಮೇಲಿಂದ ಒಂದೊಂದು ಹೊಸ ಗೇಮ್‌ಗೂ ಸಾವಿರಾರು. ಹಾಗೆ ನೋಡಿದವರಿಗೆ ಕಥೆ ಪೂರ್ತಿ ತಿಳಿಯುತ್ತದೆ, ನಟನೆ, ಸಂಗೀತ ಎಲ್ಲವೂ ದಕ್ಕುತ್ತದೆ. ಸಿಗದೆ ಹೋಗುವುದು ಸ್ವಂತ ಹೊಣೆ ಮಾತ್ರ. ಗೇಮ್‌ಗಳೆಂದರೆ ಉದ್ದುದ್ದ ಸಿನಿಮಾಗಳಷ್ಟೇ ಎಂದು ಅವರಲ್ಲಿ ಕೆಲವರು ಅನ್ನುವುದು ಅವರ ಮಟ್ಟಿಗೆ ನಿಜವೇ.

ಇತ್ತ ನಮ್ಮ ಸಾರ್ವಜನಿಕ ಚರ್ಚೆಯಲ್ಲಿ ಗೇಮ್ ಎಂದರೆ ಚಟ ಇಲ್ಲವೇ ಜೂಜು. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾಯಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ವಿರುದ್ಧ ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದುಪಡಿಸಿತು; 2025ರ ಆಗಸ್ಟ್‌ನಲ್ಲಿ ಕೇಂದ್ರವೇ ಅಂಥ ಆಟಗಳನ್ನು ನಿಷೇಧಿಸುವ ಕಾನೂನು ತಂದಿತು. ಆ ಚರ್ಚೆಗೆ ಅದರದೇ ಕಾರಣಗಳಿವೆ, ಸಾಲಕ್ಕೆ ಬಿದ್ದ ಕುಟುಂಬಗಳ ಗೋಳು ಸುಳ್ಳಲ್ಲ. ಆದರೆ ರಮ್ಮಿಯೂ ‘ಪೇಪರ್ಸ್, ಪ್ಲೀಸ್’ ಕೂಡ ಒಂದೇ ಹೆಸರಿನಡಿ ಬರುವುದರಿಂದ, ಕಥೆ ಹೇಳುವ ಗೇಮ್‌ಗಳಿಗೆ ನಮ್ಮ ಪತ್ರಿಕೆಗಳಲ್ಲಿ ಅಪರಾಧ ಸುದ್ದಿಯ ಪುಟ ಬಿಟ್ಟರೆ ಬೇರೆ ಜಾಗವೇ ಇಲ್ಲದಂತಾಗಿದೆ.

ವಿಪರ್ಯಾಸವೆಂದರೆ ಈ ಗೇಮ್‌ಗಳ ಕಸುಬು ಬೆಂಗಳೂರಿಗೆ ಹೊಸದಲ್ಲ. ದೇಶದ ಆರಂಭಿಕ ಗೇಮ್ ಸ್ಟುಡಿಯೋಗಳಲ್ಲಿ ಒಂದಾದ ಧ್ರುವ ಇಂಟರಾಕ್ಟಿವ್ 1997ರಲ್ಲಿ ಇಲ್ಲಿಯೇ ಹುಟ್ಟಿತು. ಮುಂದೆ ‘ಬ್ರದರ್ಸ್’ ಮಾಡಿದ ಅದೇ ಸ್ಟಾರ್‌ಬ್ರೀಜ್ ಕೈಗೆ ಹೋಗಿ, 2019ರಲ್ಲಿ ಅಮೆರಿಕದ ಗೇಮ್ ಸಂಸ್ಥೆ ರಾಕ್‌ಸ್ಟಾರ್ ಪಾಲಾಯಿತು. ‘ರೆಡ್ ಡೆಡ್ ರಿಡೆಂಪ್ಷನ್ 2’ಕ್ಕೆ ದುಡಿದ ಸ್ಟುಡಿಯೋಗಳಲ್ಲಿ ಬೆಂಗಳೂರಿನ ರಾಕ್‌ಸ್ಟಾರ್ ಇಂಡಿಯಾವೂ ಒಂದು. ಬೇರೆಯವರ ಕಥೆಗೆ ಕಾರು, ಕಟ್ಟಡ, ಮರಗಿಡಗಳನ್ನು ಕಡೆದುಕೊಡುವ ಕೆಲಸದಲ್ಲಿ ಈ ಊರು ಪಳಗಿದೆ. ಸ್ವಂತ ಕಥೆ ಹೇಳಿದ್ದು ಕಡಿಮೆ.

ದಕ್ಷಿಣ ಭಾರತದ ಬದುಕನ್ನು ಗೇಮ್‌ಗೆ ತಂದು ಜಗತ್ತಿನ ಗಮನ ಸೆಳೆದ ‘ವೆಣ್ಬಾ’ ಕೂಡ ಬಂದದ್ದು ಕೆನಡಾದ ಟೊರಾಂಟೋದಿಂದ, ವಿಸೈ ಗೇಮ್ಸ್ ಎಂಬ ಪುಟ್ಟ ತಂಡದಿಂದ, 2023ರಲ್ಲಿ. ಮರುವರ್ಷ ಅದಕ್ಕೆ ಚೊಚ್ಚಲ ಗೇಮ್‌ಗೆ ಕೊಡುವ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಬಂತು. ಎಂಬತ್ತರ ದಶಕದ ಕೊನೆಯಲ್ಲಿ ಕೆನಡಾಕ್ಕೆ ವಲಸೆ ಹೋದ ತಮಿಳು ದಂಪತಿ, ಅಲ್ಲೇ ಹುಟ್ಟಿ ಬೆಳೆದು ಅಮ್ಮನ ಭಾಷೆಗೆ ದೂರವಾಗುವ ಮಗ ಕವಿನ್, ನಡುವೆ ಅಜ್ಜಿಯ ಹರಿದ ಅಡುಗೆ ಪುಸ್ತಕ. ಆಟವೆಂದರೆ ಅಡುಗೆ ಮಾಡುವುದಷ್ಟೇ. ಮೊದಲನೆಯದೇ ಇಡ್ಲಿ, ಪುಸ್ತಕದ ಸಾಲುಗಳು ಅಳಿಸಿಹೋಗಿವೆ, ಇಡ್ಲಿ ತಟ್ಟೆಗಳನ್ನು ಯಾವ ಕ್ರಮದಲ್ಲಿ ಪೇರಿಸಬೇಕೆಂದು ಆಟಗಾರನೇ ಊಹಿಸಬೇಕು. ಅಮೆರಿಕದ ಆಟಗಾರನಿಗೆ ಅದೊಂದು ಒಗಟು, ಬೆಳಿಗ್ಗೆ ಇಡ್ಲಿ ಬೇಯಿಸಿ ಬಂದ ನಮ್ಮ ಮನೆಯವರಿಗೆ ಅದು ಕಣ್ಣು ಮುಚ್ಚಿ ಮಾಡುವ ಕೆಲಸ. ಕಥೆಯ ಕೊನೆಯ ಭಾಗದಲ್ಲಿ ಬೆಳೆದುನಿಂತ ಮಗ ಅದೇ ಪುಸ್ತಕ ಹಿಡಿದು ಒಲೆಯ ಮುಂದೆ ನಿಲ್ಲುತ್ತಾನೆ. ಅವನಿಗೆ ತಮಿಳು ಸರಿಯಾಗಿ ಓದಲು ಬಾರದು, ಹಾಗಾಗಿ ಆಟಗಾರನಿಗೂ ದಾರಿ ಅರೆಬರೆ. ತಾಯ್ನುಡಿ ಕಳೆದುಕೊಂಡವನ ಮುಜುಗರವನ್ನು ಗೇಮ್ ವರ್ಣಿಸುವುದಿಲ್ಲ, ಅಡುಗೆ ಕೆಡಿಸಿಕೊಳ್ಳುವ ಭಯವಾಗಿ ನಮ್ಮ ಕೈಗೆ ಕೊಡುತ್ತದೆ. ಒಂದೆರಡು ಗಂಟೆಗಳಲ್ಲಿ ಮುಗಿಯುವ ಇದಕ್ಕೆ ದೊಡ್ಡ ಗೇಮ್‌ಗಳ ಖರ್ಚಿನ ಸಣ್ಣ ಪಾಲೂ ಬೇಕಾಗಿರಲಿಕ್ಕಿಲ್ಲ.

ಕನ್ನಡಕ್ಕೆ ವಸ್ತುವಿನ ಬರವಿಲ್ಲ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಏರುತ್ತಿದ್ದ ಅರವತ್ತರ ದಶಕದ ಶರಾವತಿ ಕಣಿವೆಯ ಒಂದು ಮನೆಯನ್ನೇ ತೆಗೆದುಕೊಳ್ಳಿ. ಸಿನಿಮಾ ಆ ಮುಳುಗಡೆಯನ್ನು ತೋರಿಸಿದರೆ ನಾವು ಮರುಗುತ್ತೇವೆ. ಗೇಮ್ ಆದರೆ, ಲಾರಿಯಲ್ಲಿ ಇಷ್ಟೇ ಜಾಗ, ಕಣಜದ ಭತ್ತವೋ, ಕೊಟ್ಟಿಗೆಯ ಕರುವೋ, ದೇವರ ಮಂಟಪವೋ, ನಡೆಯಲಾರದ ಅಜ್ಜಿಗೆ ಮಲಗಲು ಜಾಗವೋ ಎಂದು ನಮ್ಮನ್ನೇ ಕೇಳುತ್ತದೆ, ಬಿಟ್ಟುಬಂದದ್ದರ ಫಲವನ್ನು ಹೊಸ ಊರಿನ ಮೊದಲ ಮಳೆಗಾಲದಲ್ಲಿ ನಮ್ಮಿಂದಲೇ ತೀರಿಸಿಕೊಳ್ಳುತ್ತದೆ. ಇದಕ್ಕೆ ಬೇಕಾದ ಚಿತ್ರಕಾರರೂ ಪ್ರೋಗ್ರಾಮರ್‌ಗಳೂ ಬೆಂಗಳೂರಿನಲ್ಲಿ ಈಗಾಗಲೇ ಇದ್ದಾರೆ. ಇಲ್ಲದಿರುವುದು, ಎರಡು ಗಂಟೆಯ ಕನ್ನಡ ಗೇಮ್‌ಗೆ ಒಂದು ಸಿನಿಮಾ ಟಿಕೆಟ್‌ನಷ್ಟಾದರೂ ಹಣ ಕೊಡುವ ಗಿರಾಕಿಗಳಿದ್ದಾರೆಂದು ನಂಬಿ ಮೊದಲ ಬಂಡವಾಳ ಹಾಕುವವರು.